ಸಾಬಣ್ಣನ ಇಂಗ್ಲಿಷ್

ಬೀಳಗಿಯ ಕುರುಬರ ಓಣಿಯ ಸಾಬಣ್ಣ ಮುಂಬಯಿಯಲ್ಲಿ ಆರು ವರ್ಷ ಇದ್ದು ಇಂಗ್ಲಿಷ್ ಕಲಿತು ಬಂದ. ಹಾಗೆಂದು ಅವನೂ ನಂಬಿದ್ದ, ಓಣಿಯೂ ನಂಬಿತ್ತು. ಅವನು ಕಲಿತದ್ದು ಸ್ಪ್ಯಾನಿಶ್ ಎಂದು ಹೇಳಬಲ್ಲವರು ಬೀಳಗಿಯಿಂದ ಜಮಖಂಡಿಯವರೆಗೆ ಹುಡುಕಿದರೂ ಒಬ್ಬರೂ ಸಿಗುತ್ತಿರಲಿಲ್ಲ. ಸ್ಪೇನ್ ಎಂಬ ದೇಶವೊಂದಿದೆ ಎಂಬುದೇ ಆ ಸೀಮೆಯಲ್ಲಿ ಯಾರ ಕಿವಿಗೂ ಬಿದ್ದಿರಲಿಲ್ಲ. ಬೀಳದಿದ್ದುದರಿಂದ ಯಾರಿಗೂ ಲುಕ್ಸಾನೂ ಆಗಿರಲಿಲ್ಲ.

ಅವನು ಹೋದದ್ದು ಕುರಿಗಳ ಜೊತೆ. ಬಾಂದ್ರಾದ ಕಸಾಯಿಖಾನೆಗೆ ಕುರಿ ಕಳಿಸುವ ವ್ಯಾಪಾರಿಯೊಬ್ಬ ಕುಡಚಿ ಸ್ಟೇಷನ್ನಿನಲ್ಲಿ ಇಪ್ಪತ್ತರ ಸಾಬಣ್ಣನನ್ನು ಕುರಿಗಳ ಡಬ್ಬಿಗೇ ಹತ್ತಿಸಿದ್ದ. ಮುಂಬಯಿ ಮುಟ್ಟಿದ ಮೇಲೆ ಕುರಿಗಳು ಹೋಗಬೇಕಾದಲ್ಲಿಗೆ ಹೋದವು. ಎಲ್ಲಿಗೆ ಹೋಗಬೇಕೆಂದು ತಿಳಿಯದೆ ಉಳಿದವನು ಸಾಬಣ್ಣನೊಬ್ಬನೇ. ನಾಲ್ಕು ದಿನ ಅಲೆದ ಮೇಲೆ ಊರಾಚೆ ಪಾದ್ರಿಗಳ ಮಠವೊಂದರಲ್ಲಿ ಆಡು ಕಾಯುವ ಕೆಲಸ ಸಿಕ್ಕಿತು. ಮಠವೆಂದರೆ ಎಲ್ಲ ಮಠಗಳ ಹಾಗೆಯೇ: ಮದುವೆಯಾಗದ ಗಂಡಸರು, ಗಂಟೆ, ಪೂಜೆ, ಹೊತ್ತುಹೊತ್ತಿಗೆ ಊಟ. ಸಾಬಣ್ಣನಿಗೆ ಹೊಸದೆನಿಸಿದ್ದು ಅವರ ಮೈಬಣ್ಣವೊಂದೇ.

ಆಡುಗಳನ್ನೂ ಅಡುಗೆಮನೆಯನ್ನೂ ನೋಡಿಕೊಳ್ಳುತ್ತಿದ್ದವನು ಬಿಳಿಗಡ್ಡದ ಒಬ್ಬ ಮುದುಕ. ಎಲ್ಲರೂ ಅವನನ್ನು ಎರ್ಮಾನೋ ಎಂದು ಕರೆಯುತ್ತಿದ್ದರು. ತನ್ನ ದೇಶದಲ್ಲಿ ಅವನೂ ಕುರಿ ಕಾದವನೇ. ಅವನು ಆಡಿನ ಹಿಂಗಾಲು ಹಿಡಿದೆತ್ತಿ ಗೊರಸು ನೋಡಿದ ರೀತಿ ಕಂಡಾಗಲೇ, ಇವ ನಮ್ಮ ಪೈಕಿಯವ ಎಂದು ಸಾಬಣ್ಣನಿಗೆ ಅನ್ನಿಸಿಬಿಟ್ಟಿತು. ಮುದುಕನಿಗೆ ತನ್ನ ಭಾಷೆಯೊಂದು ಬಿಟ್ಟು ಬೇರೆ ಯಾವುದೂ ಬರುತ್ತಿರಲಿಲ್ಲ, ಅರವತ್ತು ದಾಟಿದ ಮೇಲೆ ಹೊಸದೊಂದನ್ನು ಕಲಿಯುವ ಇರಾದೆಯೂ ಇರಲಿಲ್ಲ. ಹಾಗಾಗಿ ಸಾಬಣ್ಣನೇ ಕಲಿತ. ನೀರಿಗೆ ಆಗ್ವಾ, ರೊಟ್ಟಿಗೆ ಪಾನ್, ಆಡಿಗೆ ಕಾಬ್ರಾ. ಆರು ವರ್ಷದಲ್ಲಿ ಆಡಿನ ಬಾಣಂತನದಿಂದ ಹಿಡಿದು ದೊಡ್ಡ ಪಾದ್ರಿಯ ಜಿಪುಣತನದವರೆಗೆ ಇಬ್ಬರೂ ಮಾತಾಡದ ವಿಷಯವಿರಲಿಲ್ಲ.

ಬಿಳಿಯ ಮನುಷ್ಯ ಆಡುವುದು ಇಂಗ್ಲಿಷ್. ಇದರಲ್ಲಿ ಸಂಶಯಪಡುವುದಕ್ಕೆ ಏನಿದೆ? ಮಠದ ಅಡುಗೆಯವನೊಬ್ಬ, ಅದು ಬೇರೆ ಏನೋ, ನಿನಗೆ ಯಾವುದಕ್ಕೂ ಉಪಯೋಗವಾಗುವುದಿಲ್ಲ ಎಂದು ಒಮ್ಮೆ ನಕ್ಕಿದ್ದ. ಸಾಬಣ್ಣ ಅದನ್ನು ಹೊಟ್ಟೆಕಿಚ್ಚಿನ ಲೆಕ್ಕಕ್ಕೆ ಹಾಕಿದ. ಪೇಟೆಯ ಜನ ಆಡುವ ಇಂಗ್ಲಿಷ್ ತನಗೆ ತಿಳಿಯದಿದ್ದಾಗಲೆಲ್ಲ, ಪಾಪ, ಇವರಿಗೆ ಸರಿಯಾಗಿ ಬರುವುದಿಲ್ಲ ಎಂದು ಮರುಕಪಟ್ಟ.

ಎರ್ಮಾನೋ ತೀರಿಕೊಂಡ ಮೇಲೆ ಸಾಬಣ್ಣನಿಗೆ ಮುಂಬಯಿಯಲ್ಲಿ ಮಾತಾಡಲು ಯಾರೂ ಉಳಿಯಲಿಲ್ಲ. ಊರಿಗೆ ಬಂದ. ಅಷ್ಟರಲ್ಲಿ ಜಮಖಂಡಿ, ಮುಧೋಳದ ರಾಜರ ಆಳ್ವಿಕೆ ಮುಗಿದು ಎಲ್ಲ ಕಡೆ ಮುಂಬಯಿ ಸರಕಾರವೇ ಆಗಿತ್ತು. ಇಂಗ್ಲಿಷರು ದೇಶ ಬಿಟ್ಟು ಹೋಗಿದ್ದರು, ಇಂಗ್ಲಿಷ್ ಮಾತ್ರ ಹೋಗಿರಲಿಲ್ಲ. ಅದು ಬಂದವರಿಗೆ ಕುರ್ಚಿ ಸಿಗುತ್ತಿತ್ತು, ಬಾರದವರು ಕುರ್ಚಿಯ ಮುಂದೆ ನಿಲ್ಲುತ್ತಿದ್ದರು.

ಓಣಿಯವರು ಅವನನ್ನು ಪರೀಕ್ಷೆಗೆಂದು ಕನ್ನಡ ಸಾಲೆಯ ಮುರಗೆಪ್ಪ ಮಾಸ್ತರರ ಬಳಿ ಕರೆದೊಯ್ದರು. ಮಾಸ್ತರರ ಇಂಗ್ಲಿಷ್ ಇಪ್ಪತ್ತಾರು ಅಕ್ಷರಕ್ಕೆ ಮುಗಿಯುತ್ತಿತ್ತು. ಆದರೆ ಹಾಳೂರಿಗೆ ಉಳಿದವನೇ ಗೌಡ. ಸಾಬಣ್ಣ ಎರ್ಮಾನೋನ ಊರು, ಹಿಮ, ತೋಳ ಎಲ್ಲ ಸೇರಿಸಿ ಒಂದೇ ಉಸಿರಿನಲ್ಲಿ ಹೇಳಿದಾಗ ಮಾಸ್ತರರು ಕಣ್ಣು ಮುಚ್ಚಿ ಕೇಳಿ ತಲೆದೂಗಿದರು. ಇದು ಅಸಲು ವಿಲಾಯತಿ ಇಂಗ್ಲಿಷ್, ಪುಸ್ತಕದ್ದಲ್ಲ ಎಂದು ಸರ್ಟಿಫಿಕೇಟನ್ನೂ ಕೊಟ್ಟರು. ಗೊತ್ತಿಲ್ಲ ಎನ್ನುವುದು ಅವರ ಕೆಲಸಕ್ಕೆ ಸಂಬಂಧಪಟ್ಟ ಮಾತಾಗಿರಲಿಲ್ಲ.

ಆ ಸರ್ಟಿಫಿಕೇಟಿನ ಮೇಲೆಯೇ ಸಾಬಣ್ಣನಿಗೆ ಹೆಣ್ಣು ಸಿಕ್ಕಿತು. ಮುಧೋಳದ ಗಿರಮಲ್ಲಪ್ಪ ಬೇಟೆನಾಯಿ ಸಾಕಿ ಮಾರುವವನು. ಹಿಂದೆ ಸಾಹೇಬರು ಅವನ ಮನೆ ಬಾಗಿಲಿಗೇ ಬಂದು ಮರಿ ಒಯ್ಯುತ್ತಿದ್ದರಂತೆ. ಅವರು ಹೋಗಿ ಮೂರು ವರ್ಷವಾಗಿದ್ದರೂ ಮತ್ತೆ ಬಂದೇ ಬರುತ್ತಾರೆ, ಆಗ ಮಾತಾಡಲು ಇಂಗ್ಲಿಷ್ ಬಲ್ಲ ಅಳಿಯನೊಬ್ಬ ಇರಲಿ ಎಂಬುದು ಅವನ ಆಸೆ. ನಿಶ್ಚಯದ ದಿನ ಅವನು ಬೀರಪ್ಪನ ಗುಡಿಯ ಭಂಡಾರ, ಅಂದರೆ ದೇವರ ಅರಿಷಿಣದ ಪುಡಿ, ತರಿಸಿ ಮುಂದಿಟ್ಟ. ಸಾಬಣ್ಣ ಅದನ್ನು ಮುಟ್ಟಿ ಹಣೆಗೆ ಹಚ್ಚಿಕೊಂಡು, ನನಗೆ ಇಂಗ್ಲಿಷ್ ಬರುತ್ತದೆ ಎಂದು ಆಣೆ ಮಾಡಿದ. ಭಂಡಾರ ಮುಟ್ಟಿ ಸುಳ್ಳಾಡಿದವನಿಗೆ ಕುರುಬರಲ್ಲಿ ನೀರು ಕೊಡುವವರೂ ಇರುವುದಿಲ್ಲ. ಸಾಬಣ್ಣನಿಗೆ ಅಂಜಲು ಕಾರಣವೇ ಇರಲಿಲ್ಲ.

ಗಿರಮಲ್ಲಪ್ಪನ ಮಗಳು ಸಿದ್ದಕ್ಕ ಮನೆ ತುಂಬಿದಳು. ಮನೆಯೆಂದರೆ ಒಂದೇ ಕೋಣೆ. ಒಂದು ಮೂಲೆಯಲ್ಲಿ ಒಲೆ, ಒಂದು ಮೂಲೆಯಲ್ಲಿ ಕುರಿಮರಿಗಳು, ಬಾಗಿಲ ಬಳಿ ಸಾಬಣ್ಣನ ತಾಯಿ ಹಣಮವ್ವ, ಉಳಿದದ್ದು ಹೊಸ ದಂಪತಿಗಳಿಗೆ. ಹಣಮವ್ವ ಹಗಲೆಲ್ಲ ಕಣ್ಣು ಮುಚ್ಚಿಕೊಂಡೇ ಉಣ್ಣೆ ನೂಲುವವಳು. ಕದರು ತಿರುಗುತ್ತಿದ್ದರೆ ಎದ್ದಿದ್ದಾಳೆ, ನಿಂತರೆ ಮಲಗಿದ್ದಾಳೆ ಎಂದು ತಿಳಿಯಬೇಕು. ಅವಳ ಕಿವಿಯಂತೂ ಮೊಲದ ಕಿವಿ. ಗಂಡಹೆಂಡತಿ ಕೌದಿಯೊಳಗೆ ಪಿಸುಗುಟ್ಟಿದ್ದಕ್ಕೆ ಬಾಗಿಲ ಬಳಿಯಿಂದ ಉತ್ತರ ಬರುತ್ತಿತ್ತು. ಮದುವೆಯಾದ ತಿಂಗಳಲ್ಲೇ ಒಮ್ಮೆ ಸಾಬಣ್ಣ ಹೆಂಡತಿಗೆ, ನಿನ್ನ ಮೂಗು ಚಂದ ಎಂದ. ಕತ್ತಲಲ್ಲಿ ಮೂಗು ಹ್ಯಾಂಗ ಕಾಣತೈತೋ ಎಂದು ತಾಯಿ ಕೇಳಿದಳು.

ಮರುದಿನ ಕುರಿ ಹಿಂಡುವಾಗ ಸಿದ್ದಕ್ಕ ಗಂಡನಿಗೆ, ನಿಮ್ಮ ಇಂಗ್ಲಿಷ್ ನನಗೂ ಕಲಿಸಿ ಎಂದಳು.

ಅವಳು ಕಲಿತ ವೇಗಕ್ಕೆ ಸಾಬಣ್ಣ ದಂಗಾದ. ಅವನಿಗೆ ಆರು ವರ್ಷ ಹಿಡಿದದ್ದು ಅವಳಿಗೆ ಒಂದು ಸುಗ್ಗಿ, ಒಂದು ಮಳೆಗಾಲದಲ್ಲಿ ಬಂತು. ಸಾಬಣ್ಣ ಆಡುಗಳ ನಡುವೆ ಕಲಿತಿದ್ದ, ಅವಳು ಅತ್ತೆಯ ಎದುರು ಕಲಿಯುತ್ತಿದ್ದಳು. ತುರ್ತು ಬೇರೆಯೇ ಇತ್ತು. ಮೊದಲು ಉಪ್ಪು, ಕಟ್ಟಿಗೆ, ನೀರು. ಆಮೇಲೆ ಬೈಗುಳ. ಹಣಮವ್ವನಿಗೆ ಕಾಬ್ರಾ ಬಿಯೇಹಾ ಎಂದು ಹೆಸರಾಯಿತು, ಮುದಿ ಆಡು ಎಂದರ್ಥ. ಊರಿನ ದೊಡ್ಡವರಿಗೆಲ್ಲ ಒಂದೊಂದು ಹೆಸರು ಬಿತ್ತು. ಇಬ್ಬರಿಗೂ ಎಲ್ಲಕ್ಕಿಂತ ಪ್ರಿಯವಾದ ವಾಕ್ಯ ಮಾತ್ರ ಬೇರೊಂದಿತ್ತು. ಸಂಜೆ ಊಟವಾಗಿ, ಬಾಗಿಲ ಬಳಿ ಕದರು ನಿಂತು, ಹಣಮವ್ವ ಗೋಡೆಗೆ ಮುಖ ಮಾಡಿ ಮಲಗಿದ ಮೇಲೆ ಸಿದ್ದಕ್ಕ ಮೆಲ್ಲಗೆ, "ಲಾ ಬಿಯೇಹಾ ದುಯೇರ್ಮೆ" ಅನ್ನುವಳು. ಮುದುಕಿ ಮಲಗಿದಳು ಎಂದು ಅದರ ಅರ್ಥ. ಅಲ್ಲಿಂದ ಮುಂದೆ ಅವರ ಸಂಸಾರ ಶುರುವಾಗುತ್ತಿತ್ತು.

ಎರಡನೆಯ ಭಾಷೆಯಿಂದ ಬುದ್ಧಿ ಚುರುಕಾಗುತ್ತದೆ, ನೌಕರಿ ಸಿಗುತ್ತದೆ ಎಂದೆಲ್ಲ ಓದಿದವರು ಹೇಳುತ್ತಾರೆ. ಒಂದೇ ಕೋಣೆಯ ಮನೆಯಲ್ಲಿ ಅದು ಗೋಡೆಯ ಕೆಲಸವನ್ನೂ ಮಾಡುತ್ತದೆ ಎಂದು ಯಾರೂ ಬರೆದಿಟ್ಟಿಲ್ಲ. ಇಟ್ಟಿಗೆ ಬೇಡ, ಗಾರೆ ಬೇಡ. ಸಾಬಣ್ಣನಿಗೆ ತನ್ನ ವಿದ್ಯೆಯ ಮೇಲೆ ಅಭಿಮಾನ ಉಕ್ಕುತ್ತಿದ್ದ ಹೊತ್ತೆಂದರೆ ಅದೇ.

ಹೀಗೆ ಮೂರು ವರ್ಷ ಸುಖವಾಗಿ ಹೋಯಿತು. ಅಷ್ಟರಲ್ಲಿ ಸರಕಾರಕ್ಕೆ ಈ ಸೀಮೆಯ ಉಣ್ಣೆಯನ್ನು ಸುಧಾರಿಸಬೇಕೆಂದು ಅನ್ನಿಸಿತು. ಪುಣೆಯಿಂದ ಒಬ್ಬ ಸಾಹೇಬ ಜಮಖಂಡಿಗೆ ಬಂದು ಇಳಿದ. ಕುರಿಯೂ ಗೊತ್ತಿರುವ, ಇಂಗ್ಲಿಷೂ ಗೊತ್ತಿರುವ ಒಬ್ಬ ಮನುಷ್ಯ ಬೇಕಾಗಿದ್ದಾನೆ ಎಂಬ ಸುದ್ದಿ ಗಿರಮಲ್ಲಪ್ಪನ ಕಿವಿಗೆ ಬಿತ್ತು. ಅಳಿಯನಿಗೆ ಇಸ್ತ್ರಿ ಮಾಡಿದ ಅಂಗಿ ತೊಡಿಸಿ ತಾನೇ ಕರೆದೊಯ್ದ. ಕಚೇರಿಯ ಜವಾನರಿಂದ ಹಿಡಿದು ಗುಮಾಸ್ತರವರೆಗೆ ಎಲ್ಲರಿಗೂ, ಇವ ನಮ್ಮ ಅಳಿಯ, ಇಂಗ್ಲಿಷ್ ಅಂದರೆ ನೀರು ಕುಡಿದಂತೆ ಎಂದು ಹೇಳಿಯೇ ಒಳಗೆ ಹೋದ.

ಸಾಹೇಬ ಇಂಗ್ಲಿಷಿನಲ್ಲಿ ಏನೋ ಕೇಳಿದ. ಸಾಬಣ್ಣ ಕೈ ಮುಗಿದು, "ಬೂಯೆನೋಸ್ ದೀಯಾಸ್, ಸೆನ್ಯೋರ್" ಎಂದು ಶುರುಮಾಡಿ ಕುರಿಗಳ ಬಗ್ಗೆ ತನಗೆ ತಿಳಿದದ್ದನ್ನೆಲ್ಲ ಹೇಳಿದ. ಸಾಹೇಬ ಮತ್ತೆ ಕೇಳಿದ. ಇವನಿಗೆ ಕಿವಿ ಮಂದವೆಂದು ಸಾಬಣ್ಣ ಅದನ್ನೇ ಇನ್ನಷ್ಟು ಜೋರಾಗಿ ಹೇಳಿದ. ಸಾಹೇಬ ಪೆನ್ನು ಕೆಳಗಿಟ್ಟು, ಇದು ಯಾವ ಭಾಷೆ ಎಂದು ಮರಾಠಿಯಲ್ಲಿ ಕೇಳಿದ. ಸಾಬಣ್ಣ ವಿನಯದಿಂದಲೇ, ನಿಮ್ಮದು ಪುಣೆಯ ಇಂಗ್ಲಿಷ್ ಇರಬೇಕು, ನನ್ನದು ಬಿಳಿಯನ ಬಾಯಿಂದಲೇ ಕಲಿತದ್ದು ಎಂದು ಉತ್ತರ ಕೊಟ್ಟ. ಹದಿನಾರು ವರ್ಷ ಇಂಗ್ಲಿಷ್ ಓದಿ ಬಿ.ಎ. ಮಾಡಿದ ಸಾಹೇಬನಿಗೆ ಅಷ್ಟು ಸಾಕಾಯಿತು. ಇದು ಇಂಗ್ಲಿಷ್ ಅಲ್ಲ, ನನಗೆ ತಿಳಿದ ಮಟ್ಟಿಗೆ ಭಾಷೆಯೇ ಅಲ್ಲ, ಹೊರಗೆ ನಡೆಯಿರಿ ಎಂದ. ಅದೇ ಗುಮಾಸ್ತರ, ಅದೇ ಜವಾನರ ನಡುವೆ ಮಾವ ಅಳಿಯ ಇಬ್ಬರೂ ಹಾದು ಬರಬೇಕಾಯಿತು. ಒಬ್ಬ ಜವಾನ ಮೇಕೆಯಂತೆ ಕೂಗಿದ.

ಬಸ್ ಸ್ಟ್ಯಾಂಡಿನವರೆಗೆ ಗಿರಮಲ್ಲಪ್ಪ ಅಳಿಯನಿಗಿಂತ ಹತ್ತು ಹೆಜ್ಜೆ ಮುಂದೆಯೇ ನಡೆದ. ಮುಧೋಳದ ಬಸ್ಸು ಹತ್ತುವಾಗ ತಿರುಗಿ ನೋಡಿ ಹೇಳಿದ: "ಭಂಡಾರ ಮುಟ್ಟಿ ಸುಳ್ಳಾಡೀಯಪಾ. ಬರೂ ಅಮಾಸಿಗಿ ದೈವ ಕೂಡಸ್ತೇನಿ. ಸೋಡಚೀಟಿ ಬರಿಸಿ ಮಗಳನ್ನ ಕರಕೊಂಡ ಹೋಗ್ತೇನಿ."

ದೈವ ಎಂದರೆ ಕುಲದ ಹಿರಿಯರ ಸಭೆ. ಸೋಡಚೀಟಿ ಎಂದರೆ ಅಲ್ಲಿಗೆ ಸಂಸಾರ ಮುಗಿಯಿತು.

ಬೀಳಗಿಯ ಬಸ್ಸಿನಲ್ಲಿ ಸಾಬಣ್ಣ ಇಂಗು ತಿಂದ ಮಂಗನಂತೆ ಕೂತಿದ್ದ. ಮೊದಲು ಎರ್ಮಾನೋನ ಮೇಲೆ ಸಿಟ್ಟು ಬಂತು. ಆಮೇಲೆ ಆ ಮುದುಕ ತನ್ನದು ಇಂಗ್ಲಿಷ್ ಎಂದು ಒಮ್ಮೆಯೂ ಹೇಳಿರಲಿಲ್ಲ ಎಂಬುದು ನೆನಪಾಯಿತು. ಅವನು ಹೇಳಿರಲಿಲ್ಲ, ಇವನು ಕೇಳಿರಲಿಲ್ಲ. ಆರು ವರ್ಷ ಏನು ಕಲಿತೆ ಎಂದು ಯಾರಾದರೂ ಕೇಳಿದರೆ ಹೇಳಲು ಒಂದು ಹೆಸರೂ ಇಲ್ಲ. ನಾಚಿಕೆ ಮೈಯೆಲ್ಲ ಸುಟ್ಟಿತು. ಆದರೆ ನಾಚಿಕೆಯನ್ನು ಹೇಗಾದರೂ ನುಂಗಬಹುದು. ಸಿದ್ದಕ್ಕನಿಲ್ಲದ ಮನೆಗೆ ಹೋಗಿ ಬರುವುದು ಹೇಗೆ ಎಂದು ಯೋಚಿಸಿದಾಗ ಅವನಿಗೆ ನಿಜಕ್ಕೂ ಅಳು ಬಂತು. ಪಕ್ಕದವನಿಗೆ ಕಣ್ಣಿಗೆ ದೂಳು ಬಿತ್ತು ಎಂದ.

ಆ ದಿನದಿಂದ ಅವನು ಆ ಭಾಷೆ ಆಡುವುದನ್ನೇ ಬಿಟ್ಟ. ಸಿದ್ದಕ್ಕ ಅದರಲ್ಲೇ ಕಟ್ಟಿಗೆ ಕೇಳಿದರೆ ಕನ್ನಡದಲ್ಲಿ ಬೈದ. ಅದು ಇಂಗ್ಲಿಷ್ ಅಲ್ಲವಂತೆ, ಭಾಷೆಯೇ ಅಲ್ಲವಂತೆ, ಬಿಟ್ಟುಬಿಡು ಎಂದ.

"ನಾ ಏನ ಇಂಗ್ರೇಜಿ ಅಂತ ಕಲತನೇನು?" ಎಂದಳು ಸಿದ್ದಕ್ಕ. "ಅತ್ತಿಗಿ ತಿಳಿಯೂದಿಲ್ಲಂತ ಕಲತೆ."

ಬಾಗಿಲ ಬಳಿ ಹಣಮವ್ವ ಕಣ್ಣು ಮುಚ್ಚಿಕೊಂಡು ನೂಲುತ್ತಿದ್ದಳು. ಕದರು ತಿರುಗುತ್ತಲೇ ಇತ್ತು.

ಅಮಾವಾಸ್ಯೆಯ ದಿನ ಬೆಳಿಗ್ಗೆ ಬೀರಪ್ಪನ ಗುಡಿಯ ಮುಂದೆ ಕರಿಯ ಕಂಬಳಿ ಹಾಸಿ ಅದರ ಮೇಲೆ ಭಂಡಾರವಿಟ್ಟರು. ಪೂಜಾರಿ ಜಕ್ಕಪ್ಪ ದೈವದ ಹಿರಿಯ. ಬೀಳಗಿಯವರು ಒಂದು ಕಡೆ, ಮುಧೋಳದಿಂದ ಗಿರಮಲ್ಲಪ್ಪ ಕರೆತಂದವರು ಇನ್ನೊಂದು ಕಡೆ ಕೂತರು. ಗಿರಮಲ್ಲಪ್ಪ ತನ್ನ ಅಹವಾಲು ಹೇಳಿದ. ಇಂಗ್ಲಿಷ್ ಬರುತ್ತದೆಂದು ಆಣೆ ಮಾಡಿ ಹೆಣ್ಣು ತಂದವನು, ಆಡಿನ ಹಾಗೆ ಒದರುವುದನ್ನು ಭಾಷೆ ಎಂದು ನಂಬಿಸಿದ, ತಾನೇ ಹುಟ್ಟಿಸಿಕೊಂಡ ಸುಳ್ಳು ಅದು ಎಂದ. ಮುರಗೆಪ್ಪ ಮಾಸ್ತರರನ್ನು ಕರೆದರು. ಮಾಸ್ತರರು, ನಾನು ಅಂದು ವಿಲಾಯತಿ ಎಂದದ್ದು ನಿಜ, ಆದರೆ ವಿಲಾಯತಿ ದೊಡ್ಡದು ಎಂದು ಹೇಳಿ ಜಾರಿಕೊಂಡರು.

ಜಕ್ಕಪ್ಪ ವಿಷಯ ಬಿಡಿಸಿದ. ಆ ಭಾಷೆ ಇಂಗ್ಲಿಷ್ ಅಲ್ಲ ಎನ್ನುವುದು ಆಗಿಹೋಯಿತು. ಉಳಿದ ಮಾತು ಒಂದೇ. ಅದು ಖರೆ ಭಾಷೆಯಾಗಿದ್ದರೆ ಹುಡುಗ ಮೋಸ ಹೋಗಿದ್ದಾನೆ, ಅದಕ್ಕೆ ಕ್ಷಮೆಯಿದೆ. ಹುಟ್ಟಿಸಿಕೊಂಡ ಸುಳ್ಳಾಗಿದ್ದರೆ ಅವನು ಮೋಸ ಮಾಡಿದ್ದಾನೆ, ಹೆಣ್ಣು ತವರಿಗೆ ಹೋಗುತ್ತದೆ. ಅದು ಭಾಷೆ ಎಂದು ತೋರಿಸು ಎಂದು ಸಾಬಣ್ಣನಿಗೆ ಹೇಳಿದ.

ಭಾಷೆಯನ್ನು ಹೇಗೆ ತೋರಿಸುವುದು? ಹಲ್ಲು ನೋಡಿ ವಯಸ್ಸು ಹೇಳಲು ಅದೇನು ಕುರಿಯೇ? ಆಗ ಸಿದ್ದಕ್ಕ, ಸೆರಗು ಹೊದ್ದುಕೊಂಡು ಹೆಂಗಸರ ನಡುವೆ ನಿಂತವಳು, ನನಗೆ ತಿಳಿಯುತ್ತದೆ ಎಂದಳು. ಸಭೆಯಲ್ಲಿ ಗುಜುಗುಜು ಎದ್ದಿತು. ಜಕ್ಕಪ್ಪ ಅವಳನ್ನು ಬೇವಿನ ಮರದ ಕೆಳಗೆ ನಿಲ್ಲಿಸಿ, ಸಾಬಣ್ಣನ ಕಿವಿಯಲ್ಲಿ ಒಂದು ಮಾತು ಉಸುರಿದ. ಸಾಬಣ್ಣ ಅದನ್ನು ಎರ್ಮಾನೋನ ಮಾತಿನಲ್ಲಿ ಕೂಗಿದ. ಸಿದ್ದಕ್ಕ ತುಂಬಿದ ಚರಗಿ ತೆಗೆದುಕೊಂಡು ನೇರ ಬಂದು ತನ್ನ ಅಪ್ಪನ ಕಾಲಿಗೆ ನೀರು ಹಾಕಿದಳು. ಜಕ್ಕಪ್ಪ ಉಸುರಿದ್ದು ಅದೇ ಆಗಿತ್ತು.

ಗಿರಮಲ್ಲಪ್ಪ ಒದ್ದೆ ಕಾಲನ್ನು ನೋಡಿಕೊಂಡ, ಆದರೆ ಸೋಲಲಿಲ್ಲ. "ನಮ್ಮ ನಾಯಿನೂ ಹೇಳಿದ್ದ ಕೇಳತೈತಿ," ಎಂದ. "ಅದಕ್ಕ ಭಾಷಾ ಅಂತೀರೇನು? ಗಂಡಾ ಹೇಂತಿ ಸೇರಿ ಮನ್ಯಾಗ ಕುಂತು ಕಲತಾರ. ಮೂರನೇದವರಿಗೆ ತಿಳಿದ್ರ ಹೇಳ್ರಿ."

ಮಾತು ಸರಿಯಾಗಿತ್ತು. ದೈವದ ತಲೆಗಳು ಒಂದೊಂದಾಗಿ ಅಲುಗಾಡಿದವು. ಮೂರನೆಯವನು ಮುಂಬಯಿಯ ಮಣ್ಣಿನಲ್ಲಿ ಮಲಗಿ ನಾಲ್ಕು ವರ್ಷವಾಗಿತ್ತು. ಜಕ್ಕಪ್ಪ ತೀರ್ಪು ಹೇಳಲು ಗಂಟಲು ಸರಿಮಾಡಿಕೊಂಡ.

ಆಗ ಹೆಂಗಸರ ಗುಂಪಿನಿಂದ ಹಣಮವ್ವ ಕದರನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಎದ್ದು ಬಂದಳು. ಯಾರೂ ಕರೆದಿರಲಿಲ್ಲ. ಕಂಬಳಿಯ ಮುಂದೆ ಬಗ್ಗಿ ಭಂಡಾರ ಮುಟ್ಟಿ ಹಣೆಗೆ ಹಚ್ಚಿಕೊಂಡಳು. ಆಮೇಲೆ ಮಗನನ್ನೂ ಸೊಸೆಯನ್ನೂ ಒಂದೊಂದು ಸಲ ನೋಡಿ, ನಿಧಾನವಾಗಿ, ಒಂದು ಅಕ್ಷರವೂ ತಪ್ಪದಂತೆ ಹೇಳಿದಳು:

"ಲಾ ಬಿಯೇಹಾ ನೋ ದುಯೇರ್ಮೆ."

ಸಾಬಣ್ಣ ಹೆಂಡತಿಯ ಕಡೆ ನೋಡಿದ. ಸಿದ್ದಕ್ಕ ಸೆರಗನ್ನು ಮೂಗಿನವರೆಗೂ ಎಳೆದುಕೊಂಡಳು.

"ಅಂದ್ರೇನವಾ?" ಎಂದು ಜಕ್ಕಪ್ಪ ಕೇಳಿದ.

"ಮುದಿಕಿ ಮಲಗಿಲ್ಲ ಅಂತ," ಎಂದಳು ಹಣಮವ್ವ. "ಮೂರ ವರ್ಷಾತು, ಒಂದಿನಾನೂ ಮಲಗಿಲ್ಲ."

ಅಲ್ಲಿಂದ ಅವಳು ಸಾಕ್ಷಿ ಹೇಳಿದಳು. ಸಾಕ್ಷಿಯೆಂದರೆ ಸಾಕ್ಷಿ. ತನ್ನ ಹೆಸರು ಕಾಬ್ರಾ ಬಿಯೇಹಾ, ಅದರ ಅರ್ಥ ಇದು. ತನ್ನ ರೊಟ್ಟಿ ಕಲ್ಲಿನಂತಿರುತ್ತದೆ ಎಂದು ಯಾವ ದಿನ ಅಂದರು, ಬೆಣ್ಣೆಯನ್ನು ತನಗೆ ಕಾಣದಂತೆ ಎಲ್ಲಿಟ್ಟರು, ತಾನು ಚಿಂಚಲಿಯ ಮಾಯವ್ವನ ಜಾತ್ರೆಗೆ ಹೋದಾಗ ಎಷ್ಟು ಖುಷಿಪಟ್ಟರು, ಒಂದನ್ನೂ ಬಿಡದೆ ಆ ಭಾಷೆಯಲ್ಲಿ ಹೇಳಿ ಕನ್ನಡದಲ್ಲಿ ಬಿಡಿಸಿದಳು. ಪೂಜಾರಿಗೂ ಒಂದು ಹೆಸರಿಟ್ಟಿದ್ದಾರೆ, ಹೇಳಲೇ ಎಂದು ಕೇಳಿದಳು. ಜಕ್ಕಪ್ಪ, ಅದರ ಜರೂರಿಲ್ಲ ಎಂದ. ಬೀಗರ ಹೆಸರು ಪೆರ್ರೋ, ಅದರ ಅರ್ಥ ಅವರ ಅಂಗಳದಲ್ಲೇ ಕಟ್ಟಿಹಾಕಿದೆ ಎಂದಳು. ಬೀಳಗಿಯವರು ನಕ್ಕದ್ದು ಬಿಡಿ, ಮುಧೋಳದವರೂ ನಕ್ಕರು.

ಅತ್ತೆ ಸೊಸೆ ಸೇರಿ ಸಂಚು ಮಾಡಿದ್ದಾರೆ ಎನ್ನಲು ಯಾರಿಗೂ ಬಾಯಿ ಬರಲಿಲ್ಲ. ಈ ಇಬ್ಬರೂ ಒಂದು ಮಾತಿಗೆ ಒಂದು ಮಾತು ಕೂಡಿಸದವರೆಂದು ಓಣಿಗೆಲ್ಲ ಗೊತ್ತು. ತನ್ನನ್ನು ತಾನೇ ಮುದಿ ಆಡೆಂದುಕೊಂಡು ದೈವದ ಮುಂದೆ ಸುಳ್ಳು ಸಾಕ್ಷಿ ಹೇಳುವ ಅತ್ತೆ ಸುತ್ತಲಿನ ಏಳು ಹಳ್ಳಿಯಲ್ಲಿ ಹುಟ್ಟಿರಲೂ ಇಲ್ಲ.

ಹಣಮವ್ವ ಬೀಗನ ಕಡೆ ತಿರುಗಿದಳು. ಅವಳ ದನಿ ಸ್ವಲ್ಪ ಇಳಿಯಿತು.

"ಬೀಗರ, ಇನ್ನೊಂದ ಮಾತ ಐತಿ. ನಿನ್ನಿ ಒಲಿ ಮುಂದ ನಿಮ್ಮ ಮಗಳು ಇವಗ ಅಂದ್ಲು: ನೋ ಮೇ ಬೋಯ್. ನಾ ಹೋಗೂದಿಲ್ಲ ಅಂತ. ನಿಮ್ಮ ಮಾರಿ ನೋಡಿ ಕನ್ನಡದಾಗ ಅನ್ನಾಕ ಅಕಿಗಿ ಧೈರ್ಯ ಇಲ್ಲ. ಅದಕ್ಕ ನಾ ಹೇಳಾಕತ್ತೇನಿ."

ಗಿರಮಲ್ಲಪ್ಪ ಮಗಳನ್ನು ನೋಡಿ, ಖರೆ ಏನವಾ ಎಂದು ಕೇಳಿದ. ಅಪ್ಪನ ಎದುರು, ಹಿರಿಯರ ಎದುರು, ಗಂಡನ ಮನೆಯೇ ಬೇಕೆಂದು ಬಾಯಿಬಿಟ್ಟು ಹೇಳಿದ ಹೆಣ್ಣು ಅವರಲ್ಲಿ ಇರಲಿಲ್ಲ. ಕನ್ನಡದಲ್ಲಿ ಸಿದ್ದಕ್ಕನಿಗೆ ಒಂದು ಮಾತೂ ಏಳಲಿಲ್ಲ. ಕೊನೆಗೆ, "ನೋ ಮೇ ಬೋಯ್" ಎಂದಳು. ಅದನ್ನು ಗಿರಮಲ್ಲಪ್ಪನಿಗೆ ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ.

ಜಕ್ಕಪ್ಪ ತೀರ್ಪು ಕೊಟ್ಟ. "ಭಾಷಾ ಖರೆ ಐತಿ. ಯಾವ ದೇಶದ್ದು ಅನ್ನೂದು ಬೀರಪ್ಪಗ ಗೊತ್ತು. ಆಣಿ ಸುಳ್ಳಾತು, ಮನಶ್ಯಾ ಸುಳ್ಳಲ್ಲ." ಸುಳ್ಳಾದ ಆಣೆಗೆ ಸಾಬಣ್ಣ ದೈವಕ್ಕೆ ಒಂದು ಟಗರು ಕೊಡಬೇಕು ಎಂದಾಯಿತು. ಗಿರಮಲ್ಲಪ್ಪ ಸಿಟ್ಟಿನಲ್ಲೇ ಊಟಕ್ಕೆ ಕೂತ, ಸಿಟ್ಟಿನಲ್ಲೇ ಎರಡು ಸಲ ಹಾಕಿಸಿಕೊಂಡ. ಹೊರಡುವಾಗ ಅಳಿಯನನ್ನು ಪಕ್ಕಕ್ಕೆ ಕರೆದು, ನಾಯಿಗೆ ಕೂರು ಎನ್ನಲು ಆ ಭಾಷೆಯಲ್ಲಿ ಏನೆನ್ನುತ್ತಾರೆ ಎಂದು ಕೇಳಿಕೊಂಡು ಹೋದ.

ಮನೆಗೆ ಮರಳುವಾಗ ಮೂವರಲ್ಲಿ ಯಾರೂ ಮಾತಾಡಲಿಲ್ಲ. ಇದ್ದ ಎರಡು ಭಾಷೆಗಳೂ ಈಗ ಮೂವರಿಗೂ ತಿಳಿಯುತ್ತಿದ್ದವು. ಸಾಬಣ್ಣ ಮೂರು ವರ್ಷದಲ್ಲಿ ತಾಯಿಯ ಬೆನ್ನ ಹಿಂದೆ ಆಡಿದ್ದನ್ನೆಲ್ಲ ನೆನೆಯುತ್ತ ನಡೆದ. ಅವೆಲ್ಲವೂ ತಾಯಿಯ ಮುಖದೆದುರೇ ಆಡಿದವಾಗಿದ್ದವು. ಒಂದು ಸಲವಾದರೂ ಯಾಕೆ ಹೇಳಲಿಲ್ಲ ಎಂದು ಕೊನೆಗೆ ಅವನೇ ಕೇಳಿದ.

"ಹೇಳಿದ್ರ ನೀವು ಮಾತಾಡೂದ ಬಿಡತಿದ್ರಿ," ಎಂದಳು ಹಣಮವ್ವ. "ನಿಮ್ಮಪ್ಪ ಹ್ವಾದಮ್ಯಾಲ ಆ ಮನ್ಯಾಗ ನಗೂ ಸಪ್ಪಳ ಇರಲಿಲ್ಲ."

ಸಿದ್ದಕ್ಕ ಆ ಸಂಜೆ ಬೆಣ್ಣೆಯ ಗಡಿಗೆಯನ್ನು ಅಡಗಿಸಿಟ್ಟ ಜಾಗದಿಂದ ತೆಗೆದು ಅತ್ತೆಯ ತಾಟಿನ ಪಕ್ಕದಲ್ಲೇ ಇಟ್ಟಳು. ಹಣಮವ್ವ ಅದು ಮೊದಲಿನಿಂದಲೂ ಅಲ್ಲಿಯೇ ಇತ್ತೇನೋ ಎಂಬಂತೆ ಬಡಿಸಿಕೊಂಡಳು.

ಊಟವಾದ ಮೇಲೆ ಬಾಗಿಲ ಬಳಿಯ ತನ್ನ ಕಂಬಳಿಯನ್ನು ಹಣಮವ್ವ ಮಡಚಿ ಹೆಗಲಿಗೆ ಹಾಕಿಕೊಂಡಳು. ಸೆಕೆ ಎಂದಳು. ಮಾಗಿಯ ಚಳಿಗೆ ಕುರಿಮರಿಗಳು ಒಂದರ ಮೇಲೊಂದು ಬಿದ್ದು ಮಲಗಿದ್ದವು. ಅವಳು ಹೊಸ್ತಿಲು ದಾಟಿ ಹೊರಗಿನ ಕಟ್ಟೆಯ ಮೇಲೆ ಕಂಬಳಿ ಹಾಸಿಕೊಂಡು, ಬಾಗಿಲನ್ನು ತಾನೇ ಹೊರಗಿನಿಂದ ಎಳೆದುಕೊಂಡಳು. ಕಟ್ಟೆಯಿಂದ, ಓಣಿಗೆಲ್ಲ ಕೇಳುವಷ್ಟು ಗಟ್ಟಿಯಾಗಿ, ಹಣಮವ್ವನ ದನಿ ಬಂತು:

"ಲಾ ಬಿಯೇಹಾ ದುಯೇರ್ಮೆ."

ಅವಳು ಮಲಗಿರಲಿಲ್ಲ. ಕದರು ತಿರುಗುವ ಸದ್ದು ಸಾಬಣ್ಣನಿಗೆ ಕೇಳಿಸುತ್ತಿತ್ತು.